ಪಿಎಚ್‌ಪಿ ಕ್ಲೋಷರ್ ಒಳಗೆ ಹಳೇ ರಿಯಾಯಿತಿಯೇ ಕೂತಿದೆ, ಯಾಕೆ?

ಕಾಗದದ_ದೋಣಿ
ನಮಸ್ಕಾರ. ಮಾವನ ಪುಸ್ತಕದಂಗಡಿಗೆ ಒಂದು ಸಣ್ಣ ಸೈಟ್ ಮಾಡುತ್ತಿದ್ದೇನೆ. ಪಿಎಚ್‌ಪಿ 8.3. ನಾನು ಮೊದಲಿಂದ ಜಾವಾಸ್ಕ್ರಿಪ್ಟ್ ಬರೆಯುವವನು, ಪಿಎಚ್‌ಪಿ ಮುಟ್ಟಿ ಮೂರು ವಾರ ಆಯಿತು ಅಷ್ಟೇ.

ಅಂಗಡಿಯಲ್ಲಿ ವರ್ಷವಿಡೀ 10 ಪರ್ಸೆಂಟ್ ರಿಯಾಯಿತಿ. ನವೆಂಬರ್ ಬಂತೆಂದರೆ ರಾಜ್ಯೋತ್ಸವಕ್ಕೆ 15. ಬೆಲೆ ಲೆಕ್ಕ ಹಾಕೋಕೆ ಹೆಸರಿಲ್ಲದ ಫಂಕ್ಷನ್ ಒಂದು ಬರೆದೆ, ಹೊರಗಿನ ವೇರಿಯಬಲ್ ಅನ್ನು ಒಳಗೆ ಹಿಡಿದುಕೊಳ್ಳುತ್ತದಲ್ಲ, ಆ ಕ್ಲೋಷರ್. ಇಲ್ಲಿ ಓದಲು ಸುಲಭ ಆಗಲಿ ಅಂತ ಕೀವರ್ಡ್‌ಗಳನ್ನೂ ಕನ್ನಡ ಲಿಪಿಯಲ್ಲೇ ಹಾಕಿದ್ದೇನೆ:

$ರಿಯಾಯಿತಿ = 10;
$ಬೆಲೆ = ಫಂಕ್ಷನ್ ($ಮೂಲ) ಯೂಸ್ ($ರಿಯಾಯಿತಿ) {
  ರಿಟರ್ನ್ $ಮೂಲ - $ಮೂಲ * $ರಿಯಾಯಿತಿ / 100;
};
$ರಿಯಾಯಿತಿ = 15;
ಎಕೋ $ಬೆಲೆ(250);

212.5 ಬರಬೇಕು. 225 ಬರುತ್ತಿದೆ. ಕ್ಯಾಶೆಯಲ್ಲಿ ಉಳಿದಿದ್ದ ಹಳೇ ನಕಲು ತೆಗೆದೆ, ಸರ್ವರ್ ಎರಡು ಸಲ ಆಫ್ ಆನ್ ಮಾಡಿದೆ. ಅದೇ 225. ಜಾವಾಸ್ಕ್ರಿಪ್ಟ್‌ನಲ್ಲಿ ಇದನ್ನೇ ಬರೆದರೆ 212.5 ಬರುತ್ತದೆ, ಈಗಷ್ಟೇ ನೋಡಿದೆ. ಇದು ಬಗ್ಗಾ, ನನ್ನ ತಪ್ಪಾ?

ಒಂಟಿ_ಕೋಟ್
ಯೂಸ್ ಅಂದರೆ ನಕಲು. ಮೂಲಕ್ಕೂ ಅದಕ್ಕೂ ಆಮೇಲೆ ಸಂಬಂಧ ಇಲ್ಲ. ಬಗ್ ಅಲ್ಲ.

ಸೆಮಿಕೋಲನ್_ಶೆಟ್ರು
ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೀರಿ. ಗಂಟಿನಲ್ಲಿ ರೊಟ್ಟಿ, ಪುಂಡಿಪಲ್ಯ. ನೀವು ಹೊರಟ ಮೇಲೆ ಮನೆಗೆ ನೆಂಟರು ಬಂದರು, ಹೋಳಿಗೆ ಮಾಡಿದರು. ಮಧ್ಯಾಹ್ನ ಗಂಟು ಬಿಚ್ಚಿದರೆ ಹೋಳಿಗೆ ಸಿಗುತ್ತದಾ? ಇಲ್ಲ. ಕಟ್ಟಿದಾಗ ಏನಿತ್ತೋ ಅದೇ.

ಪಿಎಚ್‌ಪಿಯ ಯೂಸ್ ಆ ಗಂಟು. ಫಂಕ್ಷನ್ ಬರೆದ ಸಾಲು ಓಡಿದಾಗ $ರಿಯಾಯಿತಿ ಒಳಗೆ 10 ಇತ್ತು, 10 ಕಟ್ಟಿಕೊಂಡು ಹೊರಟಿತು. ಆಮೇಲೆ ನೀವು 15 ಮಾಡಿದ್ದು ಅದಕ್ಕೆ ಗೊತ್ತೇ ಇಲ್ಲ. ಜಾವಾಸ್ಕ್ರಿಪ್ಟ್ ಕ್ಲೋಷರ್ ಬುತ್ತಿ ಕಟ್ಟುವುದಿಲ್ಲ, ಹಸಿವಾದಾಗ ನೇರ ಅಡುಗೆಮನೆಗೆ ಬಂದು ಪಾತ್ರೆ ಮುಚ್ಚಳ ತೆಗೆದು ನೋಡುತ್ತದೆ. ಅದಕ್ಕೇ ಅಲ್ಲಿ 15 ಸಿಕ್ಕಿದ್ದು.

ಇಲ್ಲೂ ಅಡುಗೆಮನೆ ಬಾಗಿಲು ತೆರೆಯಬೇಕು ಅಂದರೆ ಯೂಸ್ (&$ರಿಯಾಯಿತಿ) ಅಂತ ಬರೆಯಿರಿ. ಆ & ಒಂದು ಸೇರಿಸಿದರೆ 212.5 ಬರುತ್ತದೆ.

ಕಾಗದದ_ದೋಣಿ
ಬಂತು! ಶೆಟ್ರೇ, ಒಂದು ಚಿಹ್ನೆಗೆ ಒಂದೂವರೆ ದಿನ ಹೋಯ್ತು.

ಗಂಜಿ_ಮತ್ತು_ಗಿಟ್
& ಹಾಕಿ ಬಿಡುವ ಮುಂಚೆ ಒಂದು ನಿಮಿಷ ನಿಲ್ಲಿ. ಶೆಟ್ರು ಹೇಳಿದ್ದು ಸರಿ, ಆದರೆ ಅದು ಕೊನೆಯ ಅಸ್ತ್ರ ಆಗಬೇಕು. ನಾಳೆ ನೂರು ಸಾಲು ಕೆಳಗೆ ಇನ್ನು ಯಾರೋ $ರಿಯಾಯಿತಿ ಅನ್ನೋ ಹೆಸರನ್ನು ಬೇರೆ ಏನಕ್ಕೋ ಬಳಸುತ್ತಾರೆ. ನಿಮ್ಮ ಬೆಲೆ ಸದ್ದಿಲ್ಲದೆ ಬದಲಾಗುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ನನ್ನ ಕಥೆ ಕೇಳಿ. ಹಳೇ ಕೆಲಸದಲ್ಲಿ, ಪಟ್ಟಿಯ ಒಂದೊಂದನ್ನೂ ಸುತ್ತುವ ಫೋರೀಚ್ ಲೂಪ್‌ನಲ್ಲಿ & ಹಾಕಿ ಸುತ್ತಿದ್ದೆ. ಲೂಪ್ ಮುಗಿದ ಮೇಲೂ ಆ ವೇರಿಯಬಲ್ ಕೊನೆಯ ಮನೆಗೆ ಅಂಟಿಕೊಂಡೇ ಇರುತ್ತದೆ. ಕೆಳಗೆ ಅದೇ ಹೆಸರಲ್ಲಿ, & ಇಲ್ಲದೆ, ಇನ್ನೊಂದು ಫೋರೀಚ್. 10, 20, 30 ಇದ್ದ ಪಟ್ಟಿ 10, 20, 20 ಆಗಿ ಹೊರಬಂತು. ಕೊನೆಯ ಗಿರಾಕಿಗೆ ಅವರ ಹಿಂದಿನವರ ಬಿಲ್ ಹೋಯಿತು. ಎರಡು ದಿನ ಡೇಟಾಬೇಸ್ ಅನ್ನೇ ಬೈದೆವು.

ಸೆಮಿಕೋಲನ್_ಶೆಟ್ರು
ಅದು ಫೋರೀಚ್ ಮುಗಿದ ಮೇಲೆ ಅನ್‌ಸೆಟ್ ಮಾಡದ, ಅಂದರೆ ಆ ವೇರಿಯಬಲ್ ಅಳಿಸದ ತಪ್ಪು ಸ್ವಾಮಿ. & ಮೇಲೆ ಯಾಕೆ ಹಾಕ್ತೀರಿ?

ಗಂಜಿ_ಮತ್ತು_ಗಿಟ್
& ಇಲ್ಲದಿದ್ದರೆ ಅನ್‌ಸೆಟ್ ಮಾಡೋ ಪ್ರಮೇಯವೇ ಬರುತ್ತಿರಲಿಲ್ಲ ಅಲ್ವಾ?

ಮುಂಗಾರು_ಮೋಡ್ಯೂಲ್
ಇಬ್ಬರೂ ಜಗಳ ಬಿಡಿ. ನಕಲು ಮಾಡುವುದರಲ್ಲಿ ಒಂದು ಲಾಭ ಇದೆ, ಜಾವಾಸ್ಕ್ರಿಪ್ಟ್‌ನಿಂದ ಬಂದವರು ಅದನ್ನು ಮರೆಯುತ್ತಾರೆ. ಅಲ್ಲಿ ವೇರಿಯಬಲ್‌ಗೆ ವಾರ್ ಅನ್ನೋ ಕೀವರ್ಡ್ ಮಾತ್ರ ಇದ್ದ ಕಾಲದಲ್ಲಿ ಲೂಪ್ ಒಳಗೆ ಮೂರು ಟೈಮರ್ ಇಟ್ಟರೆ 0, 1, 2 ಬರುವ ಬದಲು 3, 3, 3 ಬರುತ್ತಿತ್ತು ನೆನಪಿದೆಯಾ? ಸಂದರ್ಶನಕ್ಕೆ ಹೋದಲ್ಲೆಲ್ಲ ಅದೇ ಪ್ರಶ್ನೆ. ಮೂರು ಫಂಕ್ಷನ್ನೂ ಒಂದೇ ಪಾತ್ರೆ ನೋಡುತ್ತಿದ್ದವು. 2015ರಲ್ಲಿ ವಾರ್ ಬದಲು ಲೆಟ್ ಬಂದ ಮೇಲೆ ಪ್ರತಿ ಸುತ್ತಿಗೂ ಹೊಸ ಪಾತ್ರೆ ಸಿಕ್ಕಿತು, ಪೀಡೆ ತೊಲಗಿತು. ಪಿಎಚ್‌ಪಿಯಲ್ಲಿ ಆ ಪೀಡೆ ಮೊದಲಿಂದಲೂ ಇಲ್ಲ. ಪ್ರತಿ ಕ್ಲೋಷರ್ ತನ್ನ ಸುತ್ತಿನ ಅಂಕಿಯನ್ನು ಕಟ್ಟಿಕೊಂಡು ಹೋಗುತ್ತದೆ. & ಹಾಕಿದಿರೋ, ಇಲ್ಲೂ 3, 3, 3.

ಕಾಗದದ_ದೋಣಿ
ಹಾಗಾದರೆ ಇದೇನು? & ಬೇಡ ಅಂದಿರಿ ಅಂತ ತೆಗೆದೆ. ರಿಯಾಯಿತಿಯನ್ನು $ಅಂಗಡಿ ಅನ್ನೋ ಆಬ್ಜೆಕ್ಟ್ ಒಳಗೆ ಇಟ್ಟು, ಯೂಸ್ ($ಅಂಗಡಿ) ಅಂತ ಮಾತ್ರ ಬರೆದೆ. ಕೆಳಗೆ $ಅಂಗಡಿ->ರಿಯಾಯಿತಿ = 15 ಮಾಡಿದೆ. & ಇಲ್ಲದೆಯೇ 212.5 ಬಂತು. ನಕಲು ಅಂದಿರಲ್ಲ?

ಒಂಟಿ_ಕೋಟ್
ನಕಲಾಗಿದ್ದು ಆಬ್ಜೆಕ್ಟ್ ಅಲ್ಲ, ಅದರ ಹಿಡಿ.

ಸೆಮಿಕೋಲನ್_ಶೆಟ್ರು
ಬುತ್ತಿ ಭಾಷೆಯಲ್ಲಿ ಹೇಳಬೇಕೆಂದರೆ, ಈ ಸಲ ಗಂಟಿನಲ್ಲಿ ಇದ್ದದ್ದು ರೊಟ್ಟಿ ಅಲ್ಲ, "ನಮ್ಮ ಮನೆ ಇಂಥ ಬೀದಿಯಲ್ಲಿದೆ" ಅಂತ ಬರೆದ ಚೀಟಿ. ಚೀಟಿಯನ್ನು ಎಷ್ಟು ನಕಲು ಮಾಡಿದರೂ ಮನೆ ಒಂದೇ. ಆದರೆ ನೀವು ಹೊರಗೆ $ಅಂಗಡಿ = ಹೊಸ ಆಬ್ಜೆಕ್ಟ್ ಅಂತ ಬರೆದುಬಿಟ್ಟರೆ ಕ್ಲೋಷರ್ ಹಳೇ ಮನೆಗೇ ಹೋಗುತ್ತದೆ. ಅದನ್ನೂ ಒಮ್ಮೆ ಮಾಡಿ ನೋಡಿ.

ಕಾಗದದ_ದೋಣಿ
ಮಾಡಿದೆ. ಹಳೇ ಮನೆಗೇ ಹೋಯಿತು.

ಹಳೇ_ಬಾಗಿಲು
ಈಗಿನ ಹುಡುಗರು ಯೂಸ್ ಅಂತ ಎರಡಕ್ಷರ ಬರೆಯಲು ಗೊಣಗುತ್ತೀರಿ. ನಾವು ಏನು ಬರೆದಿದ್ದೆವು ಗೊತ್ತಾ? ಕ್ರಿಯೇಟ್_ಫಂಕ್ಷನ್. ಆರ್ಗ್ಯುಮೆಂಟ್ ಒಂದು ಸ್ಟ್ರಿಂಗ್, ಒಳಗಿನ ಕೋಡ್ ಇನ್ನೊಂದು ಸ್ಟ್ರಿಂಗ್. ಆ ಸ್ಟ್ರಿಂಗ್ ಒಳಗೆ ಮತ್ತೊಂದು ಕೋಟ್ ಬಂದರೆ ಬ್ಯಾಕ್‌ಸ್ಲ್ಯಾಶ್, ಡಾಲರ್ ಮುಂದೆ ಬ್ಯಾಕ್‌ಸ್ಲ್ಯಾಶ್. ಎಡಿಟರ್‌ಗೆ ಅದು ಬರೀ ಅಕ್ಷರ, ಹಾಗಾಗಿ ತಪ್ಪಿದ್ದರೆ ಓಡಿಸಿದಾಗಲೇ ಗೊತ್ತಾಗುತ್ತಿತ್ತು. ಒಳಗಡೆ ಅದು ಇವ್ಯಾಲ್, ಅಂದರೆ ಸ್ಟ್ರಿಂಗ್ ಅನ್ನೇ ಕೋಡ್ ಅಂತ ಓಡಿಸುವುದೇ. ಹೊರಗಿನ ಬೆಲೆ ಒಳಗೆ ಬೇಕೆಂದರೆ ಸ್ಟ್ರಿಂಗ್‌ಗೆ ಅಂಟಿಸಿ ಕಳಿಸಬೇಕಿತ್ತು. ಅದು ಗಿರಾಕಿ ಟೈಪ್ ಮಾಡಿದ್ದಾದರೆ ಕಳ್ಳನಿಗೆ ನೀವೇ ಕೀಲಿ ಕೊಟ್ಟ ಹಾಗೆ.

ಇನ್ನೊಂದು ಮಜಾ. ಅದಕ್ಕೆ ಹೆಸರಿಲ್ಲ ಅಂತ ನಾವು ಅಂದುಕೊಂಡಿದ್ದೆವು. ಪಿಎಚ್‌ಪಿ ಒಳಗೊಳಗೇ ಲ್ಯಾಂಬ್ಡಾ_1, ಲ್ಯಾಂಬ್ಡಾ_2 ಅಂತ ಹೆಸರಿಡುತ್ತಿತ್ತು, ಎದುರಿಗೆ ಕಣ್ಣಿಗೆ ಕಾಣದ ಒಂದು ನಲ್ ಅಕ್ಷರ ಬೇರೆ. ಲೂಪ್ ಒಳಗೆ ಕರೆದರೆ ಸಾವಿರ ಫಂಕ್ಷನ್ ಹುಟ್ಟಿ ಮೆಮೊರಿಯಲ್ಲಿ ಹಾಗೇ ಬಿದ್ದಿರುತ್ತಿದ್ದವು.

2009ರ ಜೂನ್ ಕೊನೆಗೆ 5.3 ಬಂದಾಗ ನಿಜವಾದ ಕ್ಲೋಷರ್ ಬಂತು. ಆದರೂ ಅದರ ಒಳಗೆ $ದಿಸ್, ಅಂದರೆ ಆ ಕೋಡ್ ಯಾವ ಆಬ್ಜೆಕ್ಟ್ ಒಳಗೆ ಓಡುತ್ತಿದೆಯೋ ಅದು, ಸಿಗುತ್ತಿರಲಿಲ್ಲ. $ನಾನು = $ದಿಸ್ ಅಂತ ಒಂದು ಸಾಲು ಬರೆದು, $ನಾನು ಅನ್ನು ಯೂಸ್ ಮಾಡುತ್ತಿದ್ದೆವು. 2012ರಲ್ಲಿ 5.4 ಬಂದಾಗ ಅದೂ ತಾನಾಗಿ ಸಿಕ್ಕಿತು. ಕ್ರಿಯೇಟ್_ಫಂಕ್ಷನ್‌ಗೆ 7.2ರಲ್ಲಿ ನೋಟಿಸ್ ಕೊಟ್ಟರು, 2020ರಲ್ಲಿ 8.0 ಬಂದಾಗ ಮನೆಯಿಂದಲೇ ಹೊರಗೆ ಹಾಕಿದರು. ನನ್ನ ಒಬ್ಬ ಗಿರಾಕಿಯ ಸೈಟ್ ಆವತ್ತೇ ಬಿಳಿ ಪುಟ ಆಯಿತು. ಬರೆದವನು ನಾನೇ. 2008ರಲ್ಲಿ.

ಗಂಜಿ_ಮತ್ತು_ಗಿಟ್
ಯೂಸ್ ಕನ್ನಡದಲ್ಲಿ ಎರಡಕ್ಷರ, ಸರಿ. ಇಂಗ್ಲಿಷ್‌ನಲ್ಲಿ ಮೂರು. ಲೆಕ್ಕ ತಪ್ಪಬೇಡಿ ಸಾರ್ 😄

ಅರ್ಧ_ಬ್ರಾಕೆಟ್
ಯೂಸ್ ಯಾಕೆ ಬರೆಯಬೇಕು? 2019ರ 7.4ರಿಂದ ಎಫ್‌ಎನ್ ಬಾಣ ಇದೆಯಲ್ಲ. ಎಫ್‌ಎನ್($ಮೂಲ) => $ಮೂಲ - $ಮೂಲ * $ರಿಯಾಯಿತಿ / 100. ಹೊರಗಿನದು ತಾನಾಗಿ ಒಳಗೆ ಕಾಣುತ್ತದೆ. ಜಾವಾಸ್ಕ್ರಿಪ್ಟ್ ಥರಾನೇ, ಹೊಸ ಬೆಲೆ ತಾನಾಗಿ ಬರುತ್ತದೆ.

ಒಂಟಿ_ಕೋಟ್
ಬರಲ್ಲ.

ಅರ್ಧ_ಬ್ರಾಕೆಟ್
ಬರುತ್ತದೆ, ನಾನು ದಿನಾ ಬಳಸುತ್ತೇನೆ.

ಒಂಟಿ_ಕೋಟ್
ಓಡಿಸಿ ನೋಡಿ. $ಎಣಿಕೆ = 0 ಮಾಡಿ, $ಕೂಡು = ಎಫ್‌ಎನ್() => $ಎಣಿಕೆ++ ಅಂತ ಬರೆಯಿರಿ. ಮೂರು ಸಲ $ಕೂಡು() ಕರೆದು, ಕೊನೆಗೆ $ಎಣಿಕೆ ಪ್ರಿಂಟ್ ಮಾಡಿ.

ಅರ್ಧ_ಬ್ರಾಕೆಟ್
...ಮೂರು ಸಲವೂ 0, ಹೊರಗೂ 0. ಸೋತೆ. ಹಾಗಾದರೆ ಇಷ್ಟು ದಿನ ನನ್ನ ಕೋಡ್ ಹೇಗೆ ಓಡುತ್ತಿತ್ತು?

ಒಂಟಿ_ಕೋಟ್
ನೀವು ಬರೆದ ತಕ್ಷಣ ಕರೆಯುತ್ತಿದ್ದಿರಿ. ನಡುವೆ ಬೆಲೆ ಬದಲಾಗಲು ಜಾಗವೇ ಇರಲಿಲ್ಲ. ಬಾಣವೂ ನಕಲೇ, ಬುತ್ತಿ ಕಟ್ಟುವ ಕೆಲಸ ಅದೇ ಮಾಡಿಕೊಳ್ಳುತ್ತದೆ ಅಷ್ಟೇ.

ಮುಂಗಾರು_ಮೋಡ್ಯೂಲ್
ಬಾಣದ ಇನ್ನೊಂದು ಕೊರತೆ, ಒಂದೇ ಎಕ್ಸ್‌ಪ್ರೆಶನ್. ಮಧ್ಯೆ ಒಂದು ಇಫ್, ಒಂದು ಲಾಗ್ ಹಾಕೋಣ ಅಂದರೆ ಮತ್ತೆ ಉದ್ದ ಫಂಕ್ಷನ್, ಮತ್ತೆ ಯೂಸ್. 8.2ಕ್ಕೆ ಹಲವು ಸಾಲಿನ ಬಾಣ ತರುವ ಪ್ರಸ್ತಾಪ ಬಂದಿತ್ತು. ಪರ ಇದ್ದವರೇ ಜಾಸ್ತಿ, ಆದರೆ ಮೂರನೇ ಎರಡರಷ್ಟು ಮತ ಸಿಗದೆ ಬಿದ್ದುಹೋಯಿತು. ನನಗೆ ಈಗಲೂ ಬೇಜಾರಿದೆ.

ಗಂಜಿ_ಮತ್ತು_ಗಿಟ್
ಬಿದ್ದಿದ್ದೇ ಒಳ್ಳೇದು. ಇಪ್ಪತ್ತು ಸಾಲಿನ ಫಂಕ್ಷನ್ ಹೊರಗಿಂದ ಏನೇನು ಎಳೆದುಕೊಂಡಿದೆ ಅಂತ ಯೂಸ್ ಪಟ್ಟಿ ನೋಡಿದರೆ ಒಂದೇ ಸಾಲಿನಲ್ಲಿ ತಿಳಿಯುತ್ತದೆ. ಕಿರಾಣಿ ಚೀಟಿ ಇದ್ದ ಹಾಗೆ. ಚೀಟಿ ಇಲ್ಲದೆ ಸಂತೆಗೆ ಹೋದರೆ ಏನಾಗುತ್ತದೆ ಅಂತ ಮನೆಯಲ್ಲಿ ಕೇಳಿ.

ಕಾಗದದ_ದೋಣಿ
ಮಧ್ಯೆ ಒಂದು ಹೊಸ ತಲೆನೋವು. ಪುಸ್ತಕದ ಹೆಸರುಗಳನ್ನು ಸಾರ್ಟ್ ಮಾಡಿದೆ. "ಹಳ್ಳಿ" ಅಂತ ಶುರುವಾಗೋವು "ಹಸಿರು" ಅನ್ನೋದಕ್ಕಿಂತ ಮೇಲೆ ಬಂದವು. ಮಾವ ನೋಡಿ "ನಿನಗೆ ಕಾಗುಣಿತ ಯಾರೋ ಕಲಿಸಿದ್ದು" ಅಂದರು. ಇದಕ್ಕೂ ಕ್ಲೋಷರ್ ಬೇಕಾ?

ಹಳೇ_ಬಾಗಿಲು
ಮಾವ ಹೇಳಿದ್ದು ಸರಿ. ನಮ್ಮ ವರ್ಣಮಾಲೆಯಲ್ಲಿ ಯ ರ ಲ ವ ಶ ಷ ಸ ಹ ಆದಮೇಲೆ ಕೊನೆಗೆ ಳ. ಯೂನಿಕೋಡ್ ಪಟ್ಟಿಯಲ್ಲಿ ಲ ಪಕ್ಕದಲ್ಲೇ ಳ, ಆಮೇಲೆ ವ. ಸುಮ್ನೆ ಸಾರ್ಟ್ ಮಾಡಿದರೆ ಪಿಎಚ್‌ಪಿ ಬೈಟ್ ನೋಡಿ ಜೋಡಿಸುತ್ತದೆ, ಅಕ್ಷರಮಾಲೆ ಅದಕ್ಕೆ ಗೊತ್ತಿಲ್ಲ. ಸರ್ವರ್‌ನಲ್ಲಿ ಇಂಟ್ಲ್ ಎಕ್ಸ್‌ಟೆನ್ಶನ್ ಇದ್ದರೆ ಅದರಲ್ಲಿ ಭಾಷೆಯ ಅಕ್ಷರಕ್ರಮದಂತೆ ಜೋಡಿಸುವ ಕೊಲೇಟರ್ ಕ್ಲಾಸ್ ಮೊದಲು ನೋಡಿ.

ಕಾಗದದ_ದೋಣಿ
ಇಲ್ಲ ಸಾರ್. ಅಗ್ಗದ ಹೋಸ್ಟಿಂಗ್. ಕೇಳಿದ್ದಕ್ಕೆ ಆಗಲ್ಲ ಅಂದರು.

ಮುಂಗಾರು_ಮೋಡ್ಯೂಲ್
ಹಾಗಾದರೆ ಕ್ಲೋಷರ್‌ಗೆ ಇದಕ್ಕಿಂತ ಒಳ್ಳೆ ಕೆಲಸ ಸಿಗಲ್ಲ. ನೀವು ಬಯಸುವ ಕ್ರಮದಲ್ಲಿ ಎಲ್ಲ ಅಕ್ಷರ, ಕಾಗುಣಿತದ ಚಿಹ್ನೆ, ಒತ್ತಿನ ಚಿಹ್ನೆ ಒಂದೇ ಸ್ಟ್ರಿಂಗ್‌ನಲ್ಲಿ ಬರೆಯಿರಿ. ಎಂಬಿ_ಸ್ಟರ್_ಸ್ಪ್ಲಿಟ್‌ನಿಂದ ಬಿಡಿ ಅಕ್ಷರ ಮಾಡಿ, ಅರೇ_ಫ್ಲಿಪ್‌ನಿಂದ ಅಕ್ಷರ, ಸ್ಥಾನ ಅದಲುಬದಲು ಮಾಡಿ. ಈಗ ಪ್ರತಿ ಅಕ್ಷರಕ್ಕೂ ಒಂದು ಸ್ಥಾನ ಸಿಕ್ಕಿತು. ಅದು $ಸ್ಥಾನ.

ನೀವು ಹೇಳಿದಂತೆ ಸಾರ್ಟ್ ಮಾಡುವ ಯೂಸಾರ್ಟ್ ನಿಮ್ಮ ಫಂಕ್ಷನ್‌ಗೆ ಎರಡೇ ಎರಡು ಹೆಸರು ಕೊಡುತ್ತದೆ, ಮೂರನೆಯದು ಕಳಿಸಲು ದಾರಿ ಇಲ್ಲ. ಪಟ್ಟಿಯನ್ನು ಒಳಗೆ ತರೋದು ಹೇಗೆ? ಯೂಸ್ ($ಸ್ಥಾನ). ಒಳಗೆ ಎರಡೂ ಹೆಸರುಗಳನ್ನು ಅಕ್ಷರ ಅಕ್ಷರ ಬಿಡಿಸಿ, ಮೊದಲ ವ್ಯತ್ಯಾಸ ಸಿಕ್ಕಲ್ಲಿ ಸ್ಥಾನಗಳನ್ನು <=> ಹಾಕಿ ಹೋಲಿಸಿ ವಾಪಸ್ ಕೊಡಿ. ಒಂದು ಹೆಸರು ಮೊದಲೇ ಮುಗಿದುಹೋದರೆ ಉದ್ದ ಹೋಲಿಸಿ. > ಮಾತ್ರ ಹಾಕಿ ನಿಜ, ಸುಳ್ಳು ವಾಪಸ್ ಕೊಡಬೇಡಿ. 8.0ರಿಂದ ಅದಕ್ಕೆ ಬೈಗುಳ ಬೀಳುತ್ತದೆ.

ಪದಕೋಶದ_ಹುಳು
ಕೋಡ್ ಗೊತ್ತಿಲ್ಲ, ಆದರೆ ಅಂ ಎಲ್ಲಿ ಇಡುತ್ತೀರಿ? "ಅಂಗಡಿ" ಮೊದಲೋ "ಅಕ್ಕ" ಮೊದಲೋ?

ಹಳೇ_ಬಾಗಿಲು
ಅಂಗಡಿ ಮೊದಲು.

ಪದಕೋಶದ_ಹುಳು
ಶಾಲೆಯಲ್ಲಿ ಅ ಆ ಇ ಈ ಹೇಳಿಕೊಂಡು ಹೋದರೆ ಅಂ ಅಃ ಔ ಆದಮೇಲೆ ತಾನೇ ಬರುವುದು?

ಹಳೇ_ಬಾಗಿಲು
ಹಾಗಂತ "ಔತಣ" ಆದಮೇಲೆ "ಅಂಗಡಿ" ಹುಡುಕುತ್ತೀರಾ? ನಿಘಂಟಿನ ಮೊದಲ ಪುಟ ತೆಗೆದು ನೋಡಿ.

ಒಂಟಿ_ಕೋಟ್
ಸ್ಟ್ರಿಂಗ್‌ನಲ್ಲಿ ಒಂದು ಅಕ್ಷರ ಆಚೆ ಈಚೆ ಮಾಡಿದರೆ ಮುಗೀತು. ಬೇರೆ ಕಡೆ ಜಗಳ ಆಡಿ.

ಅರ್ಧ_ಬ್ರಾಕೆಟ್
ಸೋತಿದ್ದಕ್ಕೆ ಪ್ರಾಯಶ್ಚಿತ್ತವಾಗಿ ಒಂದು ಎಚ್ಚರಿಕೆ. ಸ್ಟಾಕ್ ಇಲ್ಲದ ಪುಸ್ತಕ ತೆಗೆಯೋಕೆ ಅರೇ_ಫಿಲ್ಟರ್ ಬಳಸುತ್ತೀರಿ ಅಲ್ವಾ? ಅದು ಹಳೇ ಕೀಗಳನ್ನು ಹಾಗೇ ಉಳಿಸುತ್ತದೆ. 0, 1, 2ರಲ್ಲಿ 1 ಹೋದರೆ 0, 2 ಉಳಿಯುತ್ತದೆ. ಅದನ್ನು ಬ್ರೌಸರ್‌ಗೆ ಕಳಿಸೋಕೆ ಜೇಸನ್ ಪಠ್ಯ ಮಾಡಿದರೆ ಚೌಕ ಬ್ರಾಕೆಟ್ ಪಟ್ಟಿ ಬರಲ್ಲ, ಹೂ ಬ್ರಾಕೆಟ್ ಆಬ್ಜೆಕ್ಟ್ ಬರುತ್ತದೆ. ಆಚೆ ಜಾವಾಸ್ಕ್ರಿಪ್ಟ್ ಮ್ಯಾಪ್ ಅಂತ ಕರೆದು ಬೀಳುತ್ತದೆ. ಎಲ್ಲ ಪುಸ್ತಕ ಸ್ಟಾಕ್ ಇರುವ ದಿನ ಸರಿ ಓಡುತ್ತದೆ, ಒಂದು ಖಾಲಿಯಾದ ದಿನ ಕೆಡುತ್ತದೆ. ಅರೇ_ವ್ಯಾಲ್ಯೂಸ್ ಸುತ್ತಿ.

ಗಂಜಿ_ಮತ್ತು_ಗಿಟ್
ಅರೇ_ಮ್ಯಾಪ್‌ಗೆ ಫಂಕ್ಷನ್ ಮೊದಲು, ಅರೇ_ಫಿಲ್ಟರ್‌ಗೆ ಪಟ್ಟಿ ಮೊದಲು. ಹನ್ನೆರಡು ವರ್ಷ ಆಯಿತು, ಇವತ್ತೂ ಮ್ಯಾನ್ಯುಯಲ್ ತೆರೆದು ನೋಡಿದೆ.

ಮುಂಗಾರು_ಮೋಡ್ಯೂಲ್
8.5ರಲ್ಲಿ ಪೈಪ್ ಬಂದಿದೆ, ಒಂದು ಫಂಕ್ಷನ್ ಕೊಟ್ಟಿದ್ದನ್ನು ನೇರ ಮುಂದಿನದಕ್ಕೆ ದಾಟಿಸುತ್ತದೆ. 8.1ರ ಟ್ರಿಮ್(...) ಬರವಣಿಗೆ ಜೊತೆ ಚೆನ್ನಾಗಿ ಹೊಂದುತ್ತದೆ. ಇರುವ ಫಂಕ್ಷನ್ ಹೆಸರಾದ ಮೇಲೆ ಬ್ರಾಕೆಟ್ ಒಳಗೆ ಮೂರು ಚುಕ್ಕಿ ಇಟ್ಟರೆ ಅದೇ ಕ್ಲೋಷರ್ ಆಗುತ್ತದೆ. ಮೊದಲು ಸ್ಟ್ರಿಂಗ್‌ನಲ್ಲಿ ಹೆಸರು ಬರೆದು ಕಳಿಸುತ್ತಿದ್ದೆವು, ಒಂದಕ್ಷರ ತಪ್ಪಿದರೂ ಎಡಿಟರ್ ತುಟಿ ಬಿಚ್ಚುತ್ತಿರಲಿಲ್ಲ.

ತಂತಿ_ಬೇಲಿ
ವರ್ಡ್‌ಪ್ರೆಸ್ ಬರೆಯುವವರು ಯಾರಾದರೂ ಇದ್ದೀರಾ? ಹೆಸರಿಲ್ಲದ ಫಂಕ್ಷನ್ ಅನ್ನು, ಇಂಥ ಹೊತ್ತಿಗೆ ಇದನ್ನು ಓಡಿಸು ಅಂತ ನೋಂದಾಯಿಸುವ ಆಡ್_ಆಕ್ಷನ್‌ಗೆ ಕೊಡುವ ಪ್ಲಗಿನ್‌ಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದನ್ನು ರಿಮೂವ್_ಆಕ್ಷನ್‌ನಿಂದ ತೆಗೆಯಬೇಕಾದರೆ ಅದೇ ಆಬ್ಜೆಕ್ಟ್ ಕೈಯಲ್ಲಿರಬೇಕು. ಅದೇ ಕೋಡ್ ಮತ್ತೆ ಬರೆದುಕೊಟ್ಟರೆ ಬೇರೆ ಕ್ಲೋಷರ್. ಅವಳಿ ಮಕ್ಕಳಲ್ಲಿ ಒಬ್ಬನಿಗೆ ಕೊಟ್ಟ ಸಾಲ ಇನ್ನೊಬ್ಬನ ಹತ್ತಿರ ಕೇಳಿದ ಹಾಗೆ. ಮದುವೆ ಛತ್ರ ಒಂದರ ಸೈಟ್‌ನಲ್ಲಿ ಪ್ರತಿ ಪುಟದ ಕೆಳಗೆ ಬರುತ್ತಿದ್ದ ಒಂದು ಪಟ್ಟಿಯನ್ನು ತೆಗೆಯಲಾಗದೆ, ಕೊನೆಗೆ ಸಿಎಸ್‌ಎಸ್‌ನಲ್ಲಿ ಮುಚ್ಚಿಟ್ಟೆ. ಬೇರೆಯವರು ತೆಗೆಯಬೇಕಾಗಬಹುದು ಅನ್ನೋ ಕಡೆ ದಯವಿಟ್ಟು ಹೆಸರಿಡಿ.

ಗಂಜಿ_ಮತ್ತು_ಗಿಟ್
ಕ್ಯೂ, ಸೆಷನ್‌ನಲ್ಲೂ ಕ್ಲೋಷರ್ ಇಡಬೇಡಿ. ಸೀರಿಯಲೈಸ್, ಅಂದರೆ ಉಳಿಸಿಡೋಕೆ ಸ್ಟ್ರಿಂಗ್ ಮಾಡಲು ಬಿಡಲ್ಲ, ಎಕ್ಸೆಪ್ಶನ್ ಬೀಳುತ್ತದೆ. ಲಾರಾವೆಲ್‌ನವರು ಅದಕ್ಕೇ ಬೇರೆ ಪ್ಯಾಕೇಜ್ ಮಾಡಿಕೊಂಡಿದ್ದಾರೆ.

ರಾತ್ರಿ_ಪಾಳಿ
ಯಾರೂ $ದಿಸ್ ಬಗ್ಗೆ ಹೇಳಲೇ ಇಲ್ಲ. ಕ್ಲಾಸ್ ಒಳಗೆ ಬರೆದ ಕ್ಲೋಷರ್ ನೀವು ಕೇಳದಿದ್ದರೂ $ದಿಸ್ ಅನ್ನು ಹಿಡಿದುಕೊಂಡಿರುತ್ತದೆ. ಬಾಣವೂ ಅಷ್ಟೇ. ಪುಟ ತೋರಿಸಿ ಸತ್ತುಹೋಗುವ ಸ್ಕ್ರಿಪ್ಟ್‌ನಲ್ಲಿ ಏನೂ ಗೊತ್ತಾಗಲ್ಲ. ನಮ್ಮದು ಹಿನ್ನೆಲೆಯಲ್ಲಿ ದಿನಗಟ್ಟಲೆ ಓಡುವ ವರ್ಕರ್ ಸ್ಕ್ರಿಪ್ಟ್, ಚಿತ್ರ ಸಣ್ಣದು ಮಾಡುವ ಕೆಲಸ. ಪ್ರತಿ ಕೆಲಸಕ್ಕೂ ಒಂದು ಆಬ್ಜೆಕ್ಟ್, ಅದರೊಳಗೆ ಚಿತ್ರದ ಪೂರ್ತಿ ಡೇಟಾ. ಕೆಲಸ ಮುಗಿದಾಗ ಲಾಗ್ ಬರೆಯೋಕೆ ಒಂದು ಪುಟ್ಟ ಫಂಕ್ಷನ್ ಅನ್ನು ಎಲ್ಲರಿಗೂ ಸೇರಿದ ಪಟ್ಟಿಗೆ ಸೇರಿಸುತ್ತಿದ್ದೆವು. ಆ ಪುಟ್ಟದು $ದಿಸ್ ಬಳಸುತ್ತಲೇ ಇರಲಿಲ್ಲ. ಆದರೂ ಅದರ ಬಾಲ ಹಿಡಿದು ಇಡೀ ಆನೆ ಮೆಮೊರಿಯಲ್ಲೇ ಉಳಿಯುತ್ತಿತ್ತು. ರಾತ್ರಿ ಎರಡು ಗಂಟೆಗೆ ವರ್ಕರ್ ಸಾಯುತ್ತಿತ್ತು, ನನ್ನ ಫೋನ್ ಬಡಿದುಕೊಳ್ಳುತ್ತಿತ್ತು. ಫಂಕ್ಷನ್ ಅನ್ನೋ ಪದಕ್ಕೆ ಮೊದಲು ಸ್ಟ್ಯಾಟಿಕ್ ಅನ್ನೋ ಪದ ಸೇರಿಸಿದೆ, ಅಷ್ಟೇ, $ದಿಸ್ ಹಿಡಿಯೋದು ನಿಂತಿತು. ಆವತ್ತಿಂದ ನಿದ್ದೆ.

ಪದಕೋಶದ_ಹುಳು
ಮೊದಲ ಪೋಸ್ಟ್‌ನಲ್ಲಿ $ರಿಯಾಯಿತಿ ಅಂತ ಕನ್ನಡದಲ್ಲೇ ಇದೆಯಲ್ಲ, ಅದು ನಿಜವಾಗಿ ಓಡುತ್ತದಾ, ಇಲ್ಲಿಗೆ ಅಂತ ಬರೆದಿದ್ದಾ?

ಕಾಗದದ_ದೋಣಿ
ಕೀವರ್ಡ್ ಇಂಗ್ಲಿಷ್‌ನಲ್ಲೇ ಇರಬೇಕು. ವೇರಿಯಬಲ್ ಹೆಸರು ಕನ್ನಡದಲ್ಲೇ ಓಡುತ್ತದೆ. ಮಾವನಿಗೂ ಓದಲು ಬರಲಿ ಅಂತ ಹಾಗೆ ಬರೆದೆ.

ಹಳೇ_ಬಾಗಿಲು
ಓಡುತ್ತದೆ, ಆದರೆ ಹುಷಾರು. $ಸ್ಟಾಕ್ ಅಂತ ಬರೆದು ಯೂಸ್ ಮಾಡಿದೆ, "ಅನ್‌ಡಿಫೈನ್ಡ್ ವೇರಿಯಬಲ್" ಅಂತ ವಾರ್ನಿಂಗ್. ಕಣ್ಣಿಗೆ ಎರಡೂ ಒಂದೇ. ಸ್ಟರ್‌ಲೆನ್ ಹಾಕಿ ಅಳೆದೆ. ಒಂದು 18 ಬೈಟ್, ಇನ್ನೊಂದು 21. ನನ್ನ ಕೀಬೋರ್ಡ್ ಕೊನೆಯ ಕ್ ಆದಮೇಲೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್ ಒಂದನ್ನು ತುರುಕಿತ್ತು. ಪಿಎಚ್‌ಪಿಗೆ ಅದೂ ಹೆಸರಿನ ಭಾಗವೇ. ಅರ್ಧಾಕ್ಷರದಲ್ಲಿ ಮುಗಿಯುವ ಹೆಸರು ಬೇಡ. "ದಾಸ್ತಾನು" ಅಂತ ಇಟ್ಟುಕೊಳ್ಳಿ.

ಕಾಗದದ_ದೋಣಿ
ಬದಲಾಯಿಸಿದೆ, "ದಾಸ್ತಾನು" ಮಾವನಿಗೂ ಇಷ್ಟ ಆಯಿತು. ಕೊನೆಗೆ & ಬಿಟ್ಟು ಹೀಗೆ ಮಾಡಿದ್ದೇನೆ:

ಫಂಕ್ಷನ್ ಬೆಲೆಗಾರ($ರಿಯಾಯಿತಿ) {
  ರಿಟರ್ನ್ ಎಫ್‌ಎನ್($ಮೂಲ) => $ಮೂಲ - $ಮೂಲ * $ರಿಯಾಯಿತಿ / 100;
}
$ಮಾಮೂಲು = ಬೆಲೆಗಾರ(10);
$ನವೆಂಬರ್ = ಬೆಲೆಗಾರ(15);

ಎರಡಕ್ಕೂ ಬೇರೆ ಬೇರೆ ಬುತ್ತಿ. ನಕಲು ಆಗೋದರಿಂದಲೇ ಒಂದು ಇನ್ನೊಂದನ್ನು ಮುಟ್ಟಲ್ಲ. ನಿನ್ನೆ ಮಾವ ವಿದ್ಯಾರ್ಥಿಗಳಿಗೆ 20 ಕೊಡೋಣ ಅಂದರು, ಒಂದೇ ಸಾಲು ಸೇರಿಸಿದೆ.

ಸೆಮಿಕೋಲನ್_ಶೆಟ್ರು
ಚೆನ್ನಾಗಿದೆ. ಜಿಎಸ್‌ಟಿ ಎಲ್ಲಿ?

ಕಾಗದದ_ದೋಣಿ
ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಶೆಟ್ರೇ.

ಸೆಮಿಕೋಲನ್_ಶೆಟ್ರು
ಗೊತ್ತು. ಅಂಗಡಿಯಲ್ಲಿ ಪೆನ್ನು ಮಾರಲ್ವಾ?

ಕಾಗದದ_ದೋಣಿ
...ತಡೀರಿ, ಮಾವನಿಗೆ ಫೋನ್ ಮಾಡಿ ಬರುತ್ತೇನೆ.